ಟ್ಯೂನಿಂಗ್ ಬಾಕ್ಸ್ ಹಾಕಿದ್ರ ಪಿಕಪ್ ಬರ್ತದ ಖರೆ, ಅದು ಎಲ್ಲಿಂದ ಬರ್ತದ?

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದುವ ಅನುಕೂಲಕ್ಕೆ ಅಲ್ಲಲ್ಲಿ ತುಸು ತಿದ್ದಲಾಗಿದೆ, ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.

ರಾವೂರಿನಿಂದ ಮಾತಾಡ್ತಿದ್ದೀನಿ. ವಾಡಿ ಸ್ಟೇಷನ್‌ನಲ್ಲಿ ರೈಲಿಗೆ ಕಾಯ್ತಾ ಇಯರ್‌ಫೋನ್ ಹಾಕ್ಕೊಂಡವರು, ಚಿತ್ತಾಪುರ, ಶಹಾಬಾದ್, ಸೇಡಂ, ಚಿಂಚೋಳಿ ಕಡೆಯವರು, ಎಲ್ಲರೂ ಆರಾಮ ಇದ್ದೀರಿ ಅಂದ್ಕೊಂಡೀನಿ.

ಇವತ್ತಿನ ಸಂಚಿಕೆ ಒಂದು ವಾಯ್ಸ್ ನೋಟ್‌ನಿಂದ ಹುಟ್ಟಿದ್ದು. ಕೇಳುಗ ಹುಡುಗ ಒಬ್ಬ ಕಳಿಸಿದ್ದ. "ಅಣ್ಣಾ, ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಡೀಸೆಲ್ ತೊಗೊಂಡೀನಿ. ಸೇಡಂ ರೋಡಿನ್ಯಾಗ ಸಿಮೆಂಟ್ ಬಲ್ಕರ್ ಓವರ್‌ಟೇಕ್ ಮಾಡಬೇಕಂದ್ರ, ಎರಡು ಸಾವಿರ ಆರ್‌ಪಿಎಂ ಬರೋತನಕ ಗಾಡಿ ಏಳಂಗೇ ಇಲ್ಲ. ದೋಸ್ತ ಟ್ಯೂನಿಂಗ್ ಬಾಕ್ಸ್ ಹಾಕ್ಸು ಅಂತಾನ. ಇಂಜಿನ್ ಬಿಚ್ಚೋದಿಲ್ಲ, ಹತ್ತು ನಿಮಿಷದ ಕೆಲಸ ಅಂತ. ಹಾಕಸ್ಲೇನು?"

ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ಈಗ ಬ್ಯಾಡ. ಯಾಕಂದ್ರೆ, ನಿನ್ನ ಗಾಡಿ ಈಗ ಕಂಪನಿ ಕೊಟ್ಟಷ್ಟು ಶಕ್ತಿನಾದ್ರೂ ಕೊಡ್ತಿದೆಯಾ ಅನ್ನೋದು ನಿನಗೆ ಗೊತ್ತಿಲ್ಲ. ಅದು ಗೊತ್ತಾಗೋ ಮುಂಚೆ ಬಾಕ್ಸ್ ಹಾಕಿಸೋದು ಅಂದ್ರೆ ಹಳೆ ಬಾಕಿ ಎಷ್ಟು ಅಂತ ನೋಡದೇ ಹೊಸ ಸಾಲ ತೆಗೆದ ಹಾಗೆ. ನಾನು ಬಿ.ಕಾಂ. ಓದಿದವನು, ಮಿಸ್ತ್ರಿ ಅಲ್ಲ. ಹಾಗಾಗಿ ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಬೇಜಾರ ಮಾಡ್ಕೋಬ್ಯಾಡ್ರಿ.

ಮೊದಲು ಬಾಕ್ಸ್ ಏನು ಮಾಡುತ್ತೆ ನೋಡೋಣ.

ಪೆಟ್ರೋಲ್ ಗಾಡಿಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಗಾಳಿಯ ಬಾಗಿಲು ತೆರೆಯುತ್ತದೆ. ಡೀಸೆಲ್‌ನಲ್ಲಿ ಹಾಗಲ್ಲ. ಗಾಳಿ ಯಾವಾಗಲೂ ಬೇಕಾದ್ದಕ್ಕಿಂತ ಜಾಸ್ತಿಯೇ ಒಳಗೆ ಬರುತ್ತಿರುತ್ತದೆ. ಶಕ್ತಿ ಎಷ್ಟು ಅನ್ನೋದನ್ನ ಎಷ್ಟು ಡೀಸೆಲ್ ಸಿಂಪಡಿಸಿದೆವು ಅನ್ನೋದೇ ತೀರ್ಮಾನಿಸುತ್ತದೆ. ಈಗಿನ ಡೀಸೆಲ್ ಕಾರುಗಳೆಲ್ಲ ಕಾಮನ್ ರೈಲ್ ಪದ್ಧತಿಯವು. ಒಂದು ಪಂಪು ಡೀಸೆಲ್ಲನ್ನ ಭಯಂಕರ ಒತ್ತಡದಲ್ಲಿ ಒಂದು ದಪ್ಪ ಕೊಳವೆಗೆ ತುಂಬುತ್ತದೆ. ಅದೇ ರೈಲ್. ಅಲ್ಲಿಂದ ನಾಲ್ಕೂ ಇಂಜೆಕ್ಟರ್‌ಗಳಿಗೆ ಹಂಚಿಕೆ. ಒತ್ತಡ ಅಂದ್ರೆ ಎಷ್ಟು? ನಮ್ಮ ಕಾರಿನ ಟೈರಿನಲ್ಲಿ ಸುಮಾರು 2 ಬಾರ್ ಇರುತ್ತೆ. ಈ ರೈಲ್‌ನಲ್ಲಿ ಪೂರ್ತಿ ಒತ್ತಿದಾಗ ಸಾವಿರ ದಾಟಿ 1,600 ಬಾರ್ ಹತ್ತಿರ ಹೋಗುತ್ತೆ. ಕಾರುಗಳಿಗೆ ಈ ಪದ್ಧತಿ ಬಂದಿದ್ದು 1997ರಲ್ಲಿ, ಆಲ್ಫಾ ರೋಮಿಯೊ 156 ಮೂಲಕ. ಅದೇ ಫಿಯಾಟ್ ಮನೆತನದಿಂದ 2003ರಲ್ಲಿ 1.3 ಮಲ್ಟಿಜೆಟ್ ಇಂಜಿನ್ ಬಂತು, 1,248 ಸಿಸಿ. 2007ರಲ್ಲಿ ಅದು ಡಿಡಿಐಎಸ್ ಅನ್ನೋ ಹೆಸರಲ್ಲಿ ನಮ್ಮ ಸ್ವಿಫ್ಟ್ ಒಳಗೆ ಕೂತಿತು. ಟಾಟಾ ಇಂಡಿಕಾ ವಿಸ್ಟಾದಲ್ಲಿ ಕ್ವಾಡ್ರಾಜೆಟ್ ಅಂತ, ಫಿಯಾಟ್ ಪುಂಟೋದಲ್ಲಿ ಮಲ್ಟಿಜೆಟ್ ಅಂತ, ಮೂಲ ಒಂದೇ.

ರೈಲ್‌ನ ಮೇಲೆ ಒಂದು ಸೆನ್ಸರ್ ಇರುತ್ತದೆ. ಮೂರು ವೈರು. ಒಂದರಲ್ಲಿ 5 ವೋಲ್ಟ್ ಬರುತ್ತೆ, ಒಂದು ಅರ್ಥಿಂಗು, ಮೂರನೆಯದು ಸುದ್ದಿ ಒಯ್ಯೋ ವೈರು. ಒತ್ತಡ ಜಾಸ್ತಿ ಆದಂಗೆ ಆ ವೈರಿನ ವೋಲ್ಟೇಜ್ ಏರುತ್ತದೆ. ಗಾಡಿಯ ಕಂಪ್ಯೂಟರ್, ಅಂದ್ರೆ ಇಸಿಯು, ಅದನ್ನ ನೋಡಿ ಪಂಪಿಗೆ ಹೆಚ್ಚು ಮಾಡು, ಕಡಿಮೆ ಮಾಡು ಅಂತ ಹೇಳುತ್ತಿರುತ್ತದೆ.

ಟ್ಯೂನಿಂಗ್ ಬಾಕ್ಸ್ ಕೂರೋದು ಈ ಸೆನ್ಸರ್ ಮತ್ತು ಇಸಿಯು ನಡುವೆ. ಅಲ್ಲಿ ಕೂತು ಸುಳ್ಳು ಹೇಳುತ್ತೆ. ಅಷ್ಟೇ ಅದರ ಕೆಲಸ. ರೈಲ್‌ನಲ್ಲಿ 1,200 ಬಾರ್ ಇದ್ದರೆ, ಸಾಹೇಬ್ರ 1,100 ಮಾತ್ರ ಅದ್ರಿ ಅನ್ನುತ್ತೆ. ಇಸಿಯು ಪಾಪ ನಂಬಿ, ಕಡಿಮೆ ಬಿತ್ತು ಅಂತ ಪಂಪಿಗೆ ಇನ್ನೂ ಒತ್ತಲು ಹೇಳುತ್ತೆ. ಇಂಜೆಕ್ಟರ್ ಮೊದಲಿನಷ್ಟೇ ಹೊತ್ತು ತೆರೆದಿರುತ್ತೆ, ಆದರೆ ಒತ್ತಡ ಜಾಸ್ತಿ ಇರೋದರಿಂದ ಅಷ್ಟೇ ಹೊತ್ತಿನಲ್ಲಿ ಹೆಚ್ಚು ಡೀಸೆಲ್ ಒಳಗೆ ಹೋಗುತ್ತೆ. ಹೆಚ್ಚು ಡೀಸೆಲ್, ಹೆಚ್ಚು ಬೆಂಕಿ, ಹೆಚ್ಚು ಪಿಕಪ್. ಬ್ಯಾಂಕಿಗೆ ಗೋಡೌನ್‌ನ ಸ್ಟಾಕ್ ಲೆಕ್ಕ ತಿರುಚಿ ತೋರಿಸಿ ಓಡಿ ಲಿಮಿಟ್ ಏರಿಸಿಕೊಳ್ಳೋರನ್ನ ನೀವು ನೋಡಿರಬಹುದು. ಅದೇ ವಿದ್ಯೆ.

ಇಲ್ಲೊಂದು ಗಣಿತ ಇದೆ, ಮಾರೋರು ಇದನ್ನ ಹೇಳೋದಿಲ್ಲ. ಸಣ್ಣ ತೂತಿನಿಂದ ಹರಿಯೋ ದ್ರವ ಒತ್ತಡದಷ್ಟೇ ಪ್ರಮಾಣದಲ್ಲಿ ಏರೋದಿಲ್ಲ, ಒತ್ತಡದ ವರ್ಗಮೂಲದ ಪ್ರಮಾಣದಲ್ಲಿ ಏರುತ್ತೆ. ಒತ್ತಡ ನೂರಕ್ಕೆ 10 ಏರಿಸಿದರೆ ಡೀಸೆಲ್ ಏರೋದು ಹತ್ತಿರತ್ತಿರ 5. ಹಾಗಾದರೆ ಡೀಸೆಲ್ ನೂರಕ್ಕೆ 20 ಜಾಸ್ತಿ ಬೇಕಂದರೆ ಒತ್ತಡ ಎಷ್ಟು ಏರಬೇಕು? 1.2 ಗುಣಿಲೆ 1.2, ಅಂದರೆ 1.44. ನೂರಕ್ಕೆ 44. ಪೂರ್ತಿ ಒತ್ತಿದಾಗ ಆಗಲೇ 1,600 ಹತ್ತಿರ ಇರೋ ರೈಲನ್ನ ಇನ್ನು 44 ಪರ್ಸೆಂಟ್ ಏರಿಸಿದರೆ 2,300 ಬಾರ್ ಆಗುತ್ತೆ. ಆ ಪಂಪು, ಆ ಕೊಳವೆ ಅದಕ್ಕೆ ಮಾಡಿದ್ದಲ್ಲ. ಅಲ್ಲಿಗೆ ಹೋಗೋ ಮುಂಚೆಯೇ ಇಸಿಯು ಗಾಬರಿಯಾಗಿ ಇಂಜಿನ್ ಲೈಟ್ ಹಚ್ಚುತ್ತೆ.

ಹಂಗಾದ್ರ ಬಾಕ್ಸ್ ಹಾಕಿದವರಿಗೆ ಅಷ್ಟು ಖುಷಿ ಯಾಕೆ? ಯಾಕಂದ್ರೆ ಮಧ್ಯದ ಆರ್‌ಪಿಎಂನಲ್ಲಿ, ಅರ್ಧ ಒತ್ತಿದಾಗ, ರೈಲ್ ಒತ್ತಡ ಇನ್ನೂ ಕೆಳಗಿರುತ್ತೆ, ಅಲ್ಲಿ ಏರಿಸೋಕೆ ಜಾಗ ಇದೆ. ನಾವು ದಿನಾ ಓಡಿಸೋದು ಅಲ್ಲೇ. ಖುಷಿ ಸುಳ್ಳಲ್ಲ. ಆದರೆ ಜಾಹೀರಾತಿನ ದೊಡ್ಡ ನಂಬರನ್ನ ರೈಲ್ ಸೆನ್ಸರ್ ಒಂದಕ್ಕೇ ಸುಳ್ಳು ಹೇಳಿ ತಲುಪೋದು ಕಷ್ಟ. ಅದಕ್ಕೇ ಸ್ವಲ್ಪ ಒಳ್ಳೆ ಬಾಕ್ಸ್‌ಗಳು ಟರ್ಬೊ ಒತ್ತಡದ ಸೆನ್ಸರ್‌ಗೂ ಕೈ ಹಾಕುತ್ತವೆ. ಬೆಂಗಳೂರಿನ ರೇಸ್ ಡೈನಾಮಿಕ್ಸ್ ಕಂಪನಿಯ ಡೀಸೆಲ್‌ಟ್ರಾನಿಕ್ ಇದೇ ಜಾತಿಯ ಪೆಟ್ಟಿಗೆ. ಬೈಕಿನವರಿಗೆ ಅವರ ಪವರ್‌ಟ್ರಾನಿಕ್ ಗೊತ್ತಿರುತ್ತೆ. ರಿಮ್ಯಾಪ್ ಅನ್ನೋದು ಬೇರೆ. ಅದರಲ್ಲಿ ಸುಳ್ಳು ಹೇಳೋದಿಲ್ಲ, ಇಸಿಯು ಒಳಗಿನ ಲೆಕ್ಕದ ಪಟ್ಟಿಯನ್ನೇ ತಿದ್ದುತ್ತಾರೆ. ಎಷ್ಟು ಗಾಳಿಗೆ ಎಷ್ಟು ಡೀಸೆಲ್, ಯಾವ ಕ್ಷಣಕ್ಕೆ, ಹೊಗೆ ಬರದಂಗೆ ಎಲ್ಲಿ ನಿಲ್ಲಿಸಬೇಕು, ಎಲ್ಲಾ. ಒಳ್ಳೆ ಕೈ ಮಾಡಿದರೆ ಅದು ಬಾಕ್ಸ್‌ಗಿಂತ ನಾಜೂಕು. ಕೆಟ್ಟ ಕೈ ಮಾಡಿದರೆ ಬಾಕ್ಸ್‌ಗಿಂತ ಕೆಟ್ಟದ್ದು, ಯಾಕಂದ್ರೆ ಕಿತ್ತು ಬಿಸಾಡೋಕೆ ಏನೂ ಇರೋದಿಲ್ಲ.

ಈ ನಡುವೆ ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗೋ ನೈಟ್ರೋ ಓಬಿಡಿ2 ತರದ ಚಿಪ್ಪುಗಳ ಬಗ್ಗೆನೂ ಕೇಳ್ತಾರೆ. ಅದನ್ನ ಬಿಚ್ಚಿ ನೋಡಿದ ತಂತ್ರಜ್ಞರಿಗೆ ಒಳಗೆ ಸಿಕ್ಕಿದ್ದು ಮಿನುಗೋ ಎಲ್‌ಇಡಿ, ಅದನ್ನ ಮಿನುಗಿಸೋ ಸಣ್ಣ ಚಿಪ್ಪು. ಗಾಡಿಯ ಕಂಪ್ಯೂಟರ್ ಜೊತೆ ಅದು ಒಂದು ಮಾತೂ ಆಡೋದಿಲ್ಲ. ದೀಪಾವಳಿಗೆ ತಂದಿಟ್ಕೊಳ್ರಿ.

ಈಗ ಎವರೇಜ್ ವಿಷಯ. ಇದು ನನಗೆ ಬಹಳ ಮಜಾ ಅನ್ಸಿದ್ದು.

ಬಾಕ್ಸ್ ಹಾಕಿದ ಮೇಲೆ ಎವರೇಜ್‌ನೂ ಜಾಸ್ತಿ ಆಯ್ತು ಅಂತ ಎಷ್ಟೋ ಜನ ಆಣೆ ಮಾಡಿ ಹೇಳ್ತಾರೆ. ಮೀಟರ್‌ನ ಫೋಟೋ ಕಳಿಸ್ತಾರೆ. ಮೀಟರ್ ಆ ನಂಬರ್ ಎಲ್ಲಿಂದ ತರುತ್ತೆ? ಟ್ಯಾಂಕಿನಿಂದ ಅಳೆದು ಅಲ್ಲ. ನಾನು ಇಷ್ಟು ಒತ್ತಡದಲ್ಲಿ, ಇಷ್ಟು ಹೊತ್ತು ಇಂಜೆಕ್ಟರ್ ತೆರೆದೆ, ಹಾಗಾಗಿ ಇಷ್ಟು ಡೀಸೆಲ್ ಖರ್ಚಾಯ್ತು ಅಂತ ಇಸಿಯು ತನ್ನ ಲೆಕ್ಕದಲ್ಲೇ ಕೂಡಿ ಹೇಳುತ್ತೆ. ಆದರೆ ಒತ್ತಡದ ಸುದ್ದಿಯೇ ಸುಳ್ಳು! ಇಸಿಯು ಅಂದುಕೊಂಡಿದ್ದಕ್ಕಿಂತ ಹೆಚ್ಚು ಡೀಸೆಲ್ ನಿಜವಾಗಿ ಹೋಗಿದೆ. ಖರ್ಚಿನ ಚೀಟಿ ಪುಸ್ತಕಕ್ಕೆ ಏರೇ ಇಲ್ಲ, ಲಾಭ ಮಾತ್ರ ಜಾಸ್ತಿ ಕಾಣ್ತಿದೆ. ಮೀಟರ್ 22 ತೋರಿಸ್ತಿರುತ್ತೆ, ಬಂಕಿನಲ್ಲಿ ನಿಮ್ಮ ಜೇಬು 19 ಅನ್ನುತ್ತಿರಬಹುದು. ಪರೀಕ್ಷೆ ಮಾಡೋ ದಾರಿ ಒಂದೇ. ಒಂದೇ ಬಂಕಿನಲ್ಲಿ, ನಾಜಲ್ ತಾನಾಗೇ ಕಟ್ ಆಗೋತನಕ ತುಂಬಿಸಿ, ಟ್ರಿಪ್ ಸೊನ್ನೆ ಮಾಡಿ, ನಾಲ್ಕೈದು ನೂರು ಕಿಲೋಮೀಟರ್ ಓಡಿಸಿ, ಮತ್ತೆ ಹಾಗೇ ತುಂಬಿಸಿ, ಭಾಗಿಸೋದು. ಅದೂ ಒಂದು ಸಲ ಸಾಲದು, ಮೂರು ಸಲ ಮಾಡ್ರಿ.

ಇನ್ನು ಮುಖ್ಯವಾದದ್ದಕ್ಕೆ ಬರ್ತೀನಿ. ಈ ಹೆಚ್ಚಿನ ಶಕ್ತಿ ಎಲ್ಲಿಂದ ಬಂತು?

ಕಂಪನಿ ಇಂಜಿನ್ ಮಾಡುವಾಗ ಸ್ವಲ್ಪ ಉಳಿಸಿ ಇಟ್ಟಿರುತ್ತೆ. ಕೆಟ್ಟ ಡೀಸೆಲ್ ಸಿಗಬಹುದು, ಏರ್ ಫಿಲ್ಟರ್ ಬದಲಿಸದೇ ಇರಬಹುದು, ಐದು ಜನ ಕೂತು ಡಿಕ್ಕಿ ತುಂಬಿ ಬೇಸಿಗೆಯಲ್ಲಿ ಘಾಟ್ ಹತ್ತಬಹುದು, ಇದೆಲ್ಲಾ ಲೆಕ್ಕ ಹಾಕಿ ಬಿಟ್ಟ ಜಾಗ ಅದು. ಬಾಕ್ಸ್ ಖರ್ಚು ಮಾಡೋದು ಈ ಉಳಿತಾಯವನ್ನ. ಯುರೋಪಿನ ತಂಪು ಹವೆಯಲ್ಲಿ, ಶುದ್ಧ ರಸ್ತೆಯಲ್ಲಿ ಆ ಉಳಿತಾಯ ಬಹಳಷ್ಟು ಹಾಗೇ ಇರುತ್ತೆ. ನಮ್ಮಲ್ಲಿ?

ಮೇ ತಿಂಗಳು ಕಲಬುರಗಿ ಜಿಲ್ಲೆಯಲ್ಲಿ 44-45 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸೋದಿಲ್ಲ. 25 ಡಿಗ್ರಿಯಲ್ಲಿ ಇರೋ ಗಾಳಿಗೆ ಹೋಲಿಸಿದರೆ 45 ಡಿಗ್ರಿಯ ಗಾಳಿ ಸುಮಾರು ನೂರಕ್ಕೆ 6ರಷ್ಟು ತೆಳು. ಅಷ್ಟು ಆಮ್ಲಜನಕ ಕಡಿಮೆ. ಗಾಳಿ ಕಡಿಮೆ ಆದಲ್ಲಿ ಡೀಸೆಲ್ ಹೆಚ್ಚು ಸುರಿದರೆ ಪೂರ್ತಿ ಉರಿಯೋದಿಲ್ಲ, ಕರಿ ಹೊಗಿ ಬರ್ತದ. ಜೊತೆಗೆ ಸೈಲೆನ್ಸರ್ ಕಡೆ ಹೋಗೋ ಗಾಳಿಯ ಬಿಸಿ ಏರುತ್ತೆ, ಆ ಬಿಸಿ ಮೊದಲು ಹಾಯೋದೇ ಟರ್ಬೊ ಮೂಲಕ. ಬಾಕ್ಸ್ ಹಾಕಿದ ಗಾಡಿಯವರು ಹಿಂದೆ ಕರಿ ಹೊಗೆ ಬಿಡೋದನ್ನ ಪವರ್ ಅಂದ್ಕೊಂಡು ರೀಲ್ ಮಾಡ್ತಾರೆ. ಅದು ಪವರ್ ಅಲ್ಲ, ಪವರ್ ಆಗದೇ ಉಳಿದ ಡೀಸೆಲ್. ದುಡ್ಡು ಕೊಟ್ಟು ತುಂಬಿಸಿದ್ದು.

ಆಮೇಲೆ ಧೂಳು. ವಾಡಿಯಲ್ಲಿ ಎಸಿಸಿ, ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ ಸಿಮೆಂಟ್ ಫ್ಯಾಕ್ಟರಿ, ಸುತ್ತ ಸುಣ್ಣಕಲ್ಲಿನ ಗಣಿ, ಶಹಾಬಾದ್ ಕಡೆ ಫರಸಿ ಗಣಿ. ರಾಷ್ಟ್ರಕೂಟರ ರಾಜಧಾನಿ ಮಳಖೇಡಕ್ಕೆ ಹೋಗಿ ಗಾಡಿ ಅರ್ಧ ತಾಸು ನಿಲ್ಲಿಸಿ ಬಂದ್ರೆ ಗಾಜಿನ ಮೇಲೆ ಬೆರಳಿಂದ ಹೆಸರು ಬರೀಬಹುದು. ಆ ಧೂಳೇ ಏರ್ ಫಿಲ್ಟರ್‌ಗೂ ಹೋಗೋದು. ಸರ್ವಿಸ್ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ನೋಡಿ ಫಿಲ್ಟರ್ ಬದಲಿಸಿದರೆ ನಮ್ಮ ಕಡೆ ಸಾಲೋದಿಲ್ಲ. ಧೂಳಿನ ಊರಿಗೆ ಬೇಗ ಬದಲಿಸಿ ಅಂತ ಅದೇ ಪುಸ್ತಕದಲ್ಲಿ ಇನ್ನೊಂದು ಸಾಲು ಇರುತ್ತೆ, ಅದನ್ನ ಯಾರೂ ಓದೋದಿಲ್ಲ.

ಮೂರನೆಯದು ವಯಸ್ಸು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದಾಗ ಮಾರುತಿ ಡೀಸೆಲ್ ಕಾರು ಮಾಡೋದನ್ನೇ ನಿಲ್ಲಿಸಿತು. ಹಾಗಾಗಿ ಇವತ್ತು ಸಿಗೋ ಸ್ವಿಫ್ಟ್ ಡೀಸೆಲ್ ಎಲ್ಲಾ ಹಳೆಯವೇ. ಇಂಜೆಕ್ಟರ್ ಸವೆದಿರುತ್ತೆ, ಇಜಿಆರ್ ವಾಲ್ವ್‌ನಲ್ಲಿ ಮಸಿ ಕಟ್ಟಿರುತ್ತೆ, ಟರ್ಬೊದಿಂದ ಇಂಜಿನ್‌ಗೆ ಹೋಗೋ ರಬ್ಬರ್ ಹೋಸ್‌ನಲ್ಲಿ ಕೂದಲೆಳೆಯಷ್ಟು ಸೀಳು ಇರುತ್ತೆ. ಅಂದ್ರೆ ಆ ಉಳಿತಾಯದಲ್ಲಿ ಹಿಂದಿನ ಮಾಲೀಕರು ಆಗಲೇ ಒಂದಷ್ಟು ಡ್ರಾ ಮಾಡಿಯಾಗಿದೆ. ಪಾಸ್‌ಬುಕ್ ನಿಮ್ಮ ಕೈಗೆ ಬಂದಿಲ್ಲ.

ಕಂಪನಿ ತಾನೇ ಈ ಇಂಜಿನ್‌ನಿಂದ ಹೆಚ್ಚು ಶಕ್ತಿ ತೆಗೆದಾಗ ಏನು ಮಾಡಿತು ಅಂತ ನೋಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಸ್ವಿಫ್ಟ್‌ನಲ್ಲಿ ಈ 1.3 ಇಂಜಿನ್ 75 ಪಿಎಸ್ ಶಕ್ತಿ, 190 ನ್ಯೂಟನ್ ಮೀಟರ್ ಟಾರ್ಕ್. ಅದೇ ಇಂಜಿನ್ ಎರ್ಟಿಗಾ, ಸಿಯಾಜ್, ಬ್ರೆಜಾದಲ್ಲಿ 90 ಪಿಎಸ್, 200 ನ್ಯೂಟನ್ ಮೀಟರ್. ಆ 15 ಪಿಎಸ್‌ಗೋಸ್ಕರ ಟರ್ಬೊವನ್ನೇ ಬದಲಿಸಿದರು, ವಿಜಿಟಿ ಅನ್ನೋ ರೆಕ್ಕೆ ತಿರುಗಿಸಿಕೊಳ್ಳೋ ಟರ್ಬೊ ಹಾಕಿದರು. ಅಂದ್ರೆ ಡೀಸೆಲ್ ಜೊತೆ ಗಾಳಿಯನ್ನೂ ಹೆಚ್ಚಿಸಿದರು. ಇಷ್ಟೆಲ್ಲಾ ಮಾಡಿ ಟಾರ್ಕ್ ಎಷ್ಟು ಏರಿಸಿದರು? ಬರೀ 10. ಈಗ ಬಾಕ್ಸ್ ಮಾರೋರು ಹೇಳೋ ತರ ನೂರಕ್ಕೆ 20 ಏರಿತು ಅಂತಿಟ್ಟುಕೊಳ್ಳಿ, 190 ಹೋಗಿ 228 ಆಗುತ್ತೆ. ಹಳೆ ಟರ್ಬೊ, ಹಳೆ ಕ್ಲಚ್, ಹಳೆ ಗೇರ್‌ಬಾಕ್ಸ್ ಮೇಲೆ. ಮೊದಲು ಕೈ ಎತ್ತೋದು ಕ್ಲಚ್. ನಾಲ್ಕನೇ ಗೇರಿನಲ್ಲಿ ಒತ್ತಿದರೆ ಆರ್‌ಪಿಎಂ ಏರ್ತದ, ಗಾಡಿ ಏರಂಗಿಲ್ಲ. ಬಾಕ್ಸ್‌ನ ದುಡ್ಡಿಗೆ ಕ್ಲಚ್ ಸೆಟ್ಟಿನ ಬಿಲ್ಲನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಬಿಎಸ್6 ಡೀಸೆಲ್ ಇದ್ದವರು, ಆಲ್ಟ್ರೋಜ್ ಡೀಸೆಲ್‌ನಂಥವು, ಇನ್ನೂ ಹುಷಾರು. ಅವುಗಳಲ್ಲಿ ಮಸಿ ಹಿಡಿಯೋ ಫಿಲ್ಟರ್, ಡಿಪಿಎಫ್, ಇರುತ್ತೆ. ಬಾಕ್ಸ್ ಹೆಚ್ಚಿಸೋ ಮಸಿ ನೇರ ಅಲ್ಲಿಗೇ ಹೋಗಿ ತುಂಬೋದು. ಅದು ಕಟ್ಟಿಕೊಂಡರೆ ಅಗ್ಗದಲ್ಲಿ ಬಗೆಹರಿಯೋದಿಲ್ಲ.

ಕಾನೂನಿನ ಮಾತು ಸಣ್ಣದಾಗಿ ಮುಗಿಸ್ತೀನಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಿಸೋ ಹಂಗಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅನ್ನುತ್ತೆ. ಬಾನೆಟ್ ಒಳಗಿನ ಪೆಟ್ಟಿಗೆ ಯಾರಿಗೆ ಕಾಣ್ತದ ಅಂತೀರಿ. ಪೊಲೀಸರಿಗೆ ಕಾಣದೇ ಇರಬಹುದು. ಅಪಘಾತ ಆದ ಮೇಲೆ ಇನ್ಶೂರೆನ್ಸ್ ಸರ್ವೇಯರ್ ಬಾನೆಟ್ ತೆಗೆದೇ ನೋಡ್ತಾರೆ. ಹೇಳದೇ ಮಾಡಿದ ಬದಲಾವಣೆ ಕ್ಲೇಮ್ ತಿರಸ್ಕರಿಸೋಕೆ ಅವರಿಗೆ ಸಿದ್ಧವಾಗಿ ಸಿಗೋ ಕಾರಣ.

ಹೊಗೆ ತಪಾಸಣೆಯನ್ನೂ ಮರೀಬ್ಯಾಡ್ರಿ. ಪಿಯುಸಿಯಲ್ಲಿ ಡೀಸೆಲ್ ಗಾಡಿಯ ಆಕ್ಸಿಲರೇಟರ್ ಪೂರ್ತಿ ಒತ್ತಿ ಹೊಗೆ ಎಷ್ಟು ದಟ್ಟ ಅಂತ ಅಳೀತಾರೆ. ಬಿಎಸ್4 ಗಾಡಿಗೆ ಮಿತಿ 50 ಎಚ್‌ಎಸ್‌ಯು, ಅದಕ್ಕೂ ಹಳೆಯದಕ್ಕೆ 65. ಹೊಗೆಯ ವಿಷಯದಲ್ಲಿ ದೊಡ್ಡವರೇನೂ ಸಾಚಾ ಅಲ್ಲ ಬಿಡ್ರಿ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದು ಇದೇ ಇಸಿಯು ಆಟಕ್ಕೆ. ಪರೀಕ್ಷೆ ನಡೀತಿದೆ ಅಂತ ಗೊತ್ತಾದರೆ ಮಾತ್ರ ಒಳ್ಳೆಯವನಾಗೋ ಸಾಫ್ಟ್‌ವೇರ್. ನಮ್ಮ ದೇಶದಲ್ಲೇ 3.23 ಲಕ್ಷ ಕಾರು ವಾಪಸ್ ಕರೆಸಿ ಸರಿ ಮಾಡೋದಾಗಿ ಆ ಗುಂಪು ಆಗ ಹೇಳಿತ್ತು.

ಹಾಗಾದರೆ ಆ ಹುಡುಗ ಏನು ಮಾಡಬೇಕು? ಎರಡು ಸಾವಿರಕ್ಕಿಂತ ಕೆಳಗೆ ಏಳಲ್ಲ ಅಂತಾನಲ್ಲ, ಅದು ಆ ಇಂಜಿನ್‌ನ ಹುಟ್ಟುಗುಣ. 190 ನ್ಯೂಟನ್ ಮೀಟರ್ ಪೂರ್ತಿ ಸಿಗೋದೇ 2,000 ಆರ್‌ಪಿಎಂಗೆ. ಅದಕ್ಕಿಂತ ಕೆಳಗೆ ಟರ್ಬೊ ಗಾಳಿ ತುಂಬೋದಿಲ್ಲ, ಗಾಳಿ ಇಲ್ಲದಲ್ಲಿ ಬಾಕ್ಸ್ ಡೀಸೆಲ್ ಸುರಿದರೂ ಬರೋದು ಹೊಗೆಯೇ. ಬಲ್ಕರ್ ಹಿಂದೆ ನಾಲ್ಕನೇ ಗೇರಿನಲ್ಲಿ ತೆವಳೋ ಬದಲು ಮೂರಕ್ಕೆ ಇಳಿಸಿ, ಮುಳ್ಳು ಎರಡು ಸಾವಿರದ ಮೇಲೆ ಬಂದ ಮೇಲೆ ಹೊರಗೆ ತೆಗೆದರೆ ಅರ್ಧ ಸಮಸ್ಯೆ ಅಲ್ಲೇ ಹೋಗುತ್ತೆ. ಅದೂ ಎದುರಿಗೆ ರಸ್ತೆ ಪೂರ್ತಿ ಖಾಲಿ ಇದ್ರ ಮಾತ್ರ. ಆ ರೋಡಿನಲ್ಲಿ ಒಂದು ಬಲ್ಕರ್ ಮುಂದೆ ಇನ್ನೊಂದು ಇರ್ತದ.

ಉಳಿದರ್ಧಕ್ಕೆ ಗ್ಯಾರೇಜಿಗೆ ಹೋಗು. ಹೊಸ ಏರ್ ಫಿಲ್ಟರ್, ಹೊಸ ಡೀಸೆಲ್ ಫಿಲ್ಟರ್ ಹಾಕಿಸು. ಟರ್ಬೊ ಹೋಸ್‌ಗಳನ್ನ ಬಿಚ್ಚಿ ನೋಡಿಸು, ಒತ್ತಿದಾಗ ಸುಯ್ಯ್ ಅಂತ ಸದ್ದು ಬಂದ್ರೆ ಅಲ್ಲೇ ಪವರ್ ಸೋರ್ತಿದೆ. ಇಜಿಆರ್ ಮಸಿ ತೆಗೆಸು. ಸ್ಕ್ಯಾನರ್ ಇರೋ ಮಿಸ್ತ್ರಿ ಹತ್ತಿರ ರೈಲ್ ಒತ್ತಡ ಮತ್ತು ಇಂಜೆಕ್ಟರ್ ಲೆಕ್ಕ ತೆಗೆಸಿ ಫೋನಿನಲ್ಲಿ ಫೋಟೋ ಇಟ್ಕೋ. ಇದಿಷ್ಟು ಮಾಡಿಸಿದ ಮೇಲೆ ಒಂದು ತಿಂಗಳು ಓಡಿಸಿ ನೋಡು. ಈ ಹಂತದಲ್ಲೇ ಬಾಕ್ಸ್‌ನ ಆಸೆ ಬಹಳ ಜನರಿಗೆ ಬಿಟ್ಟುಹೋಗುತ್ತೆ ಅನ್ನೋದು ನನ್ನ ಅಂದಾಜು, ಗಾಡಿ ಕಳಕೊಂಡಿದ್ದ ಪಿಕಪ್ಪೇ ವಾಪಸ್ ಬಂದಿರುತ್ತೆ.

ಇನ್ನು ಈಗಾಗಲೇ ಬಾಕ್ಸ್ ಹಾಕಿಸಿಕೊಂಡು ಈ ಸಂಚಿಕೆ ಕೇಳ್ತಿರೋರಿಗೆ ಒಂದು ಉಪಯೋಗದ ಮಾತು. ವೈರ್ ಕತ್ತರಿಸಿ ಜೋಡಿಸಿದ್ದಾರಾ, ಕಂಪನಿಯ ಕನೆಕ್ಟರ್‌ಗೇ ಸಿಗಿಸಿದ್ದಾರಾ ಅಂತ ಇವತ್ತೇ ಬಾನೆಟ್ ತೆಗೆದು ನೋಡ್ರಿ. ಕತ್ತರಿಸಿದ್ದರೆ ಸರಿಯಾದ ಕನೆಕ್ಟರ್ ಹಾಕಿಸಿಕೊಳ್ರಿ. ಬೇಸಿಗೆ ಬಿಸಿಗೆ ಆ ಟೇಪಿನ ಅಂಟು ಕರಗಿ ವೈರ್ ಸಡಿಲಾದರೆ ಇಸಿಯುಗೆ ಸುದ್ದಿಯೇ ಹೋಗಲ್ಲ, ಇಂಜಿನ್ ಲೈಟ್ ಹತ್ತಿ ಗಾಡಿ ತೆವಳೋಕೆ ಶುರು ಮಾಡುತ್ತೆ, ಇಲ್ಲಾ ನಿಂತೇ ಹೋಗುತ್ತೆ. ರಾತ್ರಿ ಚಿಂಚೋಳಿ ರೋಡಿನಲ್ಲಿ ಹಾಗಾದರೆ, ಗಾಡಿ ಬದಿಗೆ ಹಾಕಿ, ಕೀ ತೆಗೆದು ಹತ್ತು ನಿಮಿಷ ಬಿಡ್ರಿ. ರೈಲ್ ಒತ್ತಡ ಇಳಿಯಲಿ. ಡೀಸೆಲ್ ಪೈಪಿನ ಯಾವ ನಟ್ಟನ್ನೂ ಮುಟ್ಟಬ್ಯಾಡ್ರಿ, ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಬರೀ ಬಾಕ್ಸ್‌ನ ಎರಡು ಕನೆಕ್ಟರ್ ಬಿಚ್ಚಿ, ಸೆನ್ಸರ್‌ಗೆ ಕಂಪನಿಯ ವೈರನ್ನೇ ನೇರವಾಗಿ ಟಕ್ ಅನ್ನೋ ಹಾಗೆ ಸಿಗಿಸಿ ಸ್ಟಾರ್ಟ್ ಮಾಡ್ರಿ. ಬಾಕ್ಸ್ ಡಿಕ್ಕಿಯಲ್ಲಿ ಹಾಕ್ಕೊಂಡು ಊರು ಸೇರಿಕೊಳ್ರಿ. ಮುಂದಿನ ಸಂಚಿಕೆಯಲ್ಲಿ ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ ತೊಗೊಳ್ಳೋವಾಗ ಆರ್‌ಸಿಯಲ್ಲಿ ಏನೇನು ನೋಡಬೇಕು ಅಂತ ಮಾತಾಡೋಣ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸ್ರಿ, ಒಂದು ನಿಮಿಷದ ಒಳಗಿರಲಿ.